ಐದು ಕೋಳಿ ಮತ್ತು ನಮ್ಮ ಅಡುಗೆಮನೆ

ನಾವು ಮುಖವನ್ನೇ ನೋಡದ ಇಂಗ್ಲೆಂಡಿನ ದಂಪತಿ ಎರಡು ವಾರ ನಮ್ಮ ಹಾಸಿಗೆಯಲ್ಲಿ ಮಲಗಿ, ನಮ್ಮ ಒಲೆಯ ಮೇಲೆ ಅಡುಗೆ ಮಾಡಿಕೊಳ್ಳುತ್ತಾರೆ. ಆಗ ನಾವು ಅವರ ಮನೆಯಲ್ಲಿರುತ್ತೇವೆ. ಯಾರೂ ಯಾರಿಗೂ ಬಾಡಿಗೆ ಕೊಡುವುದಿಲ್ಲ. ಇದಕ್ಕೆ ಇಲ್ಲಿ ಹೋಮ್ ಎಕ್ಸ್‌ಚೇಂಜು ಎನ್ನುತ್ತಾರೆ. ಧಾರವಾಡದಲ್ಲಿ ಪರವೂರಿಗೆ ಹೊರಟಾಗ ಕೀಲಿಯನ್ನು ಪಕ್ಕದ ಮನೆಗೆ ಕೊಡುವ ಮುಂಚೆಯೂ ಅಮ್ಮ ದೇವರ ಮನೆಗೆ ಬೇರೆಯೇ ಬೀಗ ಹಾಕುತ್ತಿದ್ದಳು. ಅಮೆರಿಕದ ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸು ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಸಾಲುಮನೆ. ದೇವರಿಗೆ ಕೋಣೆಯಿಲ್ಲ, ಅಡುಗೆಮನೆಯ ಕಪಾಟೇ ಗತಿ.

ಹಾಗಾಗಿ ಅಮ್ಮನ ಷರತ್ತು ಒಂದೇ: ಬಂದವರು ಆ ಅಡುಗೆಮನೆಯಲ್ಲಿ ಮಾಂಸ ಬೇಯಿಸಬಾರದು.

ನನಗೆ ಲಂಡನ್ನೇ ಬೇಕಿತ್ತು. ಸುರಂಗ ರೈಲಿನ ನಿಲ್ದಾಣದ ಎದುರೇ ಫ್ಲ್ಯಾಟು. ಅದರ ಮಾಲೀಕರು ಒಪ್ಪಿಯೂ ಇದ್ದರು. ಷರತ್ತು ಕೇಳಿದ ಮೇಲೆ, ರಜೆಯಲ್ಲಿ ಅದು ಕಷ್ಟ ಎಂದು ವಿನಯದಿಂದ ಬರೆದರು. ಇಲ್ಲಿನ ಹೈಸ್ಕೂಲಿನ ಡಿಬೇಟ್ ತಂಡದಲ್ಲಿ ಪಳಗಿದವಳು ನಾನು, ದೇವರ ಬಗ್ಗೆ ಅನುಮಾನ ಬೇರೆ. ವಾದಕ್ಕಿಳಿದೆ. ದೇವರಿಗೆ ವಾಸನೆ ಬರುತ್ತದೆ ಎನ್ನಲು ಏನು ಆಧಾರ? ಬಂದರೂ, ಎರಡು ವಾರ ಸ್ಯಾನ್ ರಮೋನ್‌ನ ಅತ್ತೆಯ ಮನೆಗೆ ಕಳಿಸಿದರಾಯಿತು. ಅಪ್ಪ ನನಗಿಂತ ಒಂದು ಹೆಜ್ಜೆ ಮುಂದೆ ಹೋದರು: ಮುಂದಿನವರಿಗೆ ಷರತ್ತು ಹೇಳುವುದೇ ಬೇಡ, ನೋಡಲಿಕ್ಕೆ ನಾವಿರುವುದಿಲ್ಲವಲ್ಲ.

"ನಾವು ಅವರ ಮನ್ಯಾಗ ಇರತೀವಲ್ಲ," ಎಂದಳು ಅಮ್ಮ. "ಅವರೂ ಹಿಂಗ ಒಂದು ಮಾತು ಮುಚ್ಚಿಟ್ಟು ನಮಗ ಮನಿ ಕೊಟ್ರ ಹೆಂಗ?"

ಎಷ್ಟೋ ತೀರ್ಪುಗಾರರ ಮುಂದೆ ನಿಂತವಳು, ಇಷ್ಟು ಚಿಕ್ಕ ಮಾತಿಗೆ ಸೋತದ್ದು ಇಲ್ಲೇ. ಮುಂದಿನ ಪತ್ರದ ಮೊದಲ ಸಾಲಿಗೇ ಷರತ್ತನ್ನು ತಂದೆ. ಒಂದು ಕ್ಷಮೆಯನ್ನೂ ಕೇಳದೆ, ತಲೆ ಎತ್ತಿಕೊಂಡೇ ಬರೆದೆ.

ಉತ್ತರ ಬಂದದ್ದು ಯಾರ್ಕ್‌ಷೈರಿನ ಪುಟ್ಟ ಊರೊಂದರಿಂದ. ಲಂಡನ್ ಅಲ್ಲಿಂದ ರೈಲಿನಲ್ಲಿ ತಾಸುಗಟ್ಟಲೆ ದೂರ. ನಿವೃತ್ತ ದಂಪತಿ, ನಮ್ಮ ಷರತ್ತಿಗೆ ತಕರಾರಿಲ್ಲ. ಆದರೆ ಅವರದೂ ಒಂದಿತ್ತು. ಹಿತ್ತಲಿನ ಐದು ಕೋಳಿಗಳಿಗೆ ದಿನಾ ಕಾಳು ಹಾಕಿ, ಸಂಜೆ ಗೂಡು ಸೇರಿಸಬೇಕು. ಮೊಟ್ಟೆಯನ್ನೂ ಮುಟ್ಟದ ಅಮ್ಮನಿಗೆ ಇದನ್ನು ಓದಿ ಹೇಳುವಾಗ, ಲಂಡನ್ ಮರಳಿ ಕೈಗೆ ಬಂತೆಂದೇ ಎಣಿಸಿದ್ದೆ.

"ಸಾಕಲಿಕ್ಕೆ ನಂದೇನು ತಕರಾರಿಲ್ಲ," ಎಂದಳು. "ಅವಕ್ಕ ಹೆಸರು ಇಟ್ಟಾರೇನು, ಕೇಳು."

ಹೋಗುವ ಊರು ನಿಶ್ಚಯವಾದದ್ದು ಹೀಗೆ.

ನಿನ್ನೆ ಆ ದಂಪತಿಗಾಗಿ ಮನೆಯ ಟಿಪ್ಪಣಿ ಬರೆಯಲು ಕೂತೆವು. ಕರಿಬೇವಿನ ಕುಂಡಕ್ಕೆ ಎಷ್ಟು ನೀರು, ಕಸದ ಡಬ್ಬಿ ಯಾವ ದಿನ ಹೊರಗೆ. ಏಳು ವರ್ಷಗಳಿಂದ ಅಮ್ಮನಿಗೆ ಇದು 'ಇಲ್ಲಿ ಮನಿ'. 'ನಮ್ಮನಿ' ಎಂದರೆ ಧಾರವಾಡದ್ದು. ಅದನ್ನು ಮಾರಿಯೇ ಬಂದಿದ್ದರೂ.

"ನಮ್ಮನಿ ಒಳಗ ಚಪ್ಪಲಿ ಹಾಕ್ಕೊಂಡು ಓಡಾಡಬ್ಯಾಡ್ರಿ ಅಂತ ಬರಿ," ಎಂದಳು.

ಯಾವ ಮನೆ ಎಂದು ಕೆಣಕಿದೆ.

"ಅವರೇನು ಧಾರವಾಡಕ್ಕ ಬರ್ಲಿಕತ್ತಾರೇನು?"

ಬರೆದೆ, ಹೆಮ್ಮೆಯಿಂದಲೇ. ಟಿಪ್ಪಣಿ ಮುಗಿದ ಮೇಲೆ ಅಮ್ಮ ದೇವರ ಕಪಾಟಿನ ಒಳಗಿಂದ ಒಂದು ಡಬ್ಬಿ ತೆಗೆದಳು. ಅದರಲ್ಲಿ ಧಾರವಾಡದ ದೇವರ ಮನೆಯ ಹಳೆಯ ಬೀಗ. ಹಾಕಲು ಇಲ್ಲಿ ಬಾಗಿಲಿಲ್ಲ. ಕೀಲಿ ತಿರುಗಿಸಿ, ಅದಿನ್ನೂ ತೆರೆಯುತ್ತದೆಂದು ನೋಡಿಕೊಂಡು, ಮತ್ತೆ ಡಬ್ಬಿಯಲ್ಲೇ ಇಟ್ಟಳು.