ಅಕ್ಕನ ಕೈಯಲ್ಲಿ ಗಾಳ

ಪಾರ್ಕಿನ ಬೆಂಚಿನ ಮೇಲೆ ಸುಮ್ಮನೆ ಕುಳಿತವನನ್ನು ಜನ ಸೋಮಾರಿ ಎನ್ನುತ್ತಾರೆ; ಅವನ ಕೈಗೊಂದು ಗಾಳ ಕೊಟ್ಟುಬಿಟ್ಟರೆ ತಪಸ್ವಿಯೆಂದು ಭಾವಿಸಿ ಸದ್ದಿಲ್ಲದೆ ದಾಟಿಹೋಗುತ್ತಾರೆ. ಕಾಲೇಜು ಮೇಷ್ಟ್ರಿಕೆಯಿಂದ ನಿವೃತ್ತನಾದ ಮೇಲೆ ಈ ಪರಮಸತ್ಯವನ್ನು ಕಂಡುಕೊಂಡ ನಾನು, ಮಳೆಗಾಲ ಮುಗಿದು, ಪಾರ್ಕಿನ ಬದಿಯ ಹೊಳೆಗೆ ಕಡಲಿನ ಉಪ್ಪು ಏರದೆ ನೀರು ಇನ್ನೂ ಸಿಹಿಯಾಗಿದ್ದ ದಿನಗಳಲ್ಲಿ, ನನ್ನ ಬೆಳಗಿನ ವಾಕಿಂಗನ್ನು ಸಿಟ್ಟಿಂಗಾಗಿ ಪರಿವರ್ತಿಸಿಕೊಂಡೆ. ಇದರಲ್ಲಿ ನನ್ನ ಗುರು ನೆರೆಮನೆಯ ಹಮೀದ್. ಹಂಪನಕಟ್ಟೆಯ ಬಟ್ಟೆಯಂಗಡಿಯನ್ನು ಮಕ್ಕಳಿಗೆ ಒಪ್ಪಿಸಿ ಹಗುರಾದವನು. ಗಾಳ ಅವನ ಅಳಿಯ ದುಬೈಯಿಂದ ತಂದದ್ದು. ಮೀನಮೇಷ ಎಣಿಸುವುದು ಎನ್ನುತ್ತಾರಲ್ಲ, ನಮ್ಮ ಬೆಂಚಿನಲ್ಲಿ ಎಣಿಸಲು ಸಿಗುತ್ತಿದ್ದದ್ದು ಮೇಷ್ಟ್ರು ಮಾತ್ರ. ಮೀನಿನ ಪತ್ತೆಯೇ ಇರಲಿಲ್ಲ.

ತಲೆತಲಾಂತರದಿಂದ ಕಡಲಿಗಿಳಿದ ಮೊಗವೀರ ಮನೆತನ ನಮ್ಮದು. ದೋಣಿ ಹತ್ತಿದೊಡನೆ ವಾಂತಿ ಮಾಡುತ್ತಿದ್ದೆನೆಂಬ ಏಕೈಕ ಅರ್ಹತೆಯ ಮೇಲೆ ನನ್ನನ್ನು ಓದಲು ಬಿಟ್ಟಿದ್ದರು. ನನ್ನ ಒಡಹುಟ್ಟಿದ ಲೀಲಕ್ಕ ಮಾತ್ರ ಜೀವಮಾನವಿಡೀ ಮೀನು ಮಾರ್ಕೆಟಿನಲ್ಲಿ ಬುಟ್ಟಿಯ ಮುಂದೆ ಕುಳಿತು ಬಂಗುಡೆ, ಅಂಜಲ್ ಮಾರಿದವಳು. ಈಚೆಗೆ ಮೊಣಕಾಲು ಕೈಕೊಟ್ಟದ್ದರಿಂದ ವ್ಯಾಪಾರ ಬಿಟ್ಟು, ಮನೆಯ ಮೂಲೆಯಲ್ಲಿ ಕುಳಿತು ಟಿವಿಯನ್ನು ಬೈಯುತ್ತಿದ್ದಳು. ನನ್ನ ಗಾಳದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಆಟೋ ಹಿಡಿದು ನೇರ ಪಾರ್ಕಿಗೇ ಬಂದಳು.

"ಎಂತ ವಾಸು ಇದು? ಕಡಲಿನವರ ಮನೆಯಲ್ಲಿ ಹುಟ್ಟಿ ತೋಡಿನ ನೀರಿಗೆ ದಾರ ಬಿಟ್ಕೊಂಡು ಕೂತಿದ್ದೀಯಲ್ಲ! ಅಪ್ಪ ಇದ್ದಿದ್ರೆ ನಿನ್ನನ್ನೇ ಬಲೆಗೆ ಹಾಕ್ತಿದ್ರು. ಇನ್ನು ನನ್ನ ಮನೆಯ ಗಸಿ ನಿನಗಿಲ್ಲ!"

ಭಾನುವಾರಗಳಂದು ಅವಳ ಮನೆಯಿಂದ ಬರುವ, ತೆಂಗಿನಕಾಯಿ ಅರೆದ ಬಂಗುಡೆ ಗಸಿಯೇ ನನ್ನ ವಾರದ ಪುರುಷಾರ್ಥ. ತಬ್ಬಿಬ್ಬಾಗಿ ಗಾಳ ಸುತ್ತತೊಡಗಿದೆ. ಹಮೀದ್ ನನ್ನ ಕೈಯಿಂದ ಗಾಳ ತೆಗೆದುಕೊಂಡು ಮತ್ತೆ ನೀರಿಗೆ ಬಿಟ್ಟು, ಎದ್ದು ಅವಳಿಗೆ ಜಾಗ ಬಿಟ್ಟುಕೊಟ್ಟ.

"ಲೀಲಕ್ಕ, ಬೈಯುವುದನ್ನು ಕೂತ್ಕೊಂಡೇ ಬೈಯಿರಿ. ಸ್ವಲ್ಪ ಇದನ್ನು ಹಿಡ್ಕೊಳ್ಳಿ, ನಾನು ಚಾ ತರ್ತೇನೆ."

ಬುಟ್ಟಿಯ ಐಸಿನ ಮೇಲಿನ ಸತ್ತ ಮೀನನ್ನಷ್ಟೇ ಕಂಡಿದ್ದ ಅಕ್ಕ, ಗಾಳವನ್ನು ಪೊರಕೆಯಂತೆ ಹಿಡಿದು ಕುಳಿತಳು. ತುಸು ಹೊತ್ತಿನಲ್ಲೇ ಬೈಗುಳ ನಿಂತು ಹೊಳೆಯೊಡನೆ ಚೌಕಾಸಿ ಶುರುವಾಯಿತು. "ಬಾ ಮಾರಾಯ, ಬಾ. ಸಣ್ಣದಾದ್ರೂ ಆಗ್ತದೆ." ಬದುಕಿನಲ್ಲಿ ಮೊದಲ ಸಲ ಅವಳು ಗಿರಾಕಿಯ ಜಾಗದಲ್ಲಿದ್ದಳು. ಹಮೀದ್ ತಂದ ಚಾ ಆರಿಹೋಯಿತು.

ಇದ್ದಕ್ಕಿದ್ದಂತೆ ದಾರ ಜಗ್ಗಿತು.

"ವಾಸೂ, ಎಳೀತದೆ! ಇದು ನನ್ನನ್ನೇ ಎಳೀತದೆ!"

ನಾನು ಅಕ್ಕನನ್ನು ಹಿಡಿದೆ, ಹಮೀದ್ ನನ್ನನ್ನು ಹಿಡಿದ; ವಾಕಿಂಗಿನವರೆಲ್ಲ ನಿಂತು ನೋಡಿದರು. ಮೂರು ವೃದ್ಧ ದೇಹಗಳ ಸಮಗ್ರ ಪರಾಕ್ರಮಕ್ಕೆ ಮೇಲೆದ್ದು ಬಂದದ್ದು ಅಂಗೈಯುದ್ದದ, ಮೀಸೆ ಹೊತ್ತ ಒಂದು ಮುಗುಡು ಮೀನು. ಹಮೀದ್ ಅದನ್ನು ಬಿಡಿಸಿ ಬೆಂಚಿನ ಬಳಿಯಿದ್ದ ಬಕೆಟಿನ ನೀರಿಗೆ ಹಾಕಿದ. ಅದು ಒಂದು ಸುತ್ತು ಹೊಡೆದು ಮೋರೆ ಮೇಲೆತ್ತಿತು. ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು.

"ಇದು ನನ್ನನ್ನು ನೋಡ್ತದಲ್ಲ," ಎಂದಳು ತಗ್ಗಿದ ದನಿಯಲ್ಲಿ. "ನಾನು ಮಾರಿದ್ರಲ್ಲಿ ಒಂದೂ ಹೀಗೆ ನೋಡಿದ್ದಿಲ್ಲ."

ಟ್ರ್ಯಾಕ್‌ಪ್ಯಾಂಟಿನ ಗೃಹಸ್ಥರೊಬ್ಬರು ಬಕೆಟಿಗೆ ಇಣುಕಿದರು. "ಫ್ರೆಶ್ ಉಂಟಲ್ಲ! ಎಷ್ಟಕ್ಕೆ ಕೊಡ್ತೀರಿ ಅಮ್ಮ?"

ಆ ಪ್ರಶ್ನೆಗೆ ಉತ್ತರ ಹೇಳುತ್ತಲೇ ಮುದುಕಿಯಾದ ನನ್ನಕ್ಕ, ಬಕೆಟನ್ನು ತನ್ನತ್ತ ಎಳೆದುಕೊಂಡಳು.

"ಇದು ಮಾರ್ಲಿಕ್ಕೆ ಅಲ್ಲ," ಎಂದು, ಬಕೆಟನ್ನು ಎರಡೂ ಕೈಯಲ್ಲಿ ಎತ್ತಿ ನಿಧಾನವಾಗಿ ಹೊಳೆಗೆ ಬಗ್ಗಿಸಿದಳು. ಮೀಸೆ ಮಿಂಚಿ ಮರೆಯಾಯಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಂಚಿನಲ್ಲಿ ಸರಿಯಾಗಿ ಕುಳಿತು, ತನ್ನ ಅಮೂಲ್ಯ ಸಮಯವನ್ನೆಲ್ಲ ನಾನೇ ಹಾಳುಮಾಡುತ್ತಿರುವವನಂತೆ ನನ್ನ ಕಡೆ ನೋಡಿದಳು.

"ಎಂತ ನೋಡ್ತಿದ್ದೀ? ಇನ್ನೊಂದು ಹುಳ ಸಿಕ್ಕಿಸು."