ಬಿಸಿಲಿಗೆ ಕಾದ ಬಷೀರ್

ಅಮೆರಿಕದ ಮಿಶಿಗನ್ ರಾಜ್ಯದ ನಾರ್ತ್‌ವಿಲ್‌ನ ಬಷೀರ್ ಅವರಿಗೆ ಹಿಮವೆಂದರೆ ತಳ್ಳಬೇಕಾದ ವಸ್ತು. ಇಪ್ಪತ್ತಾರು ಚಳಿಗಾಲಗಳಿಂದ ಅವರ ಟ್ರಕ್ಕು ಮುಂದೆ ಅಗಲವಾದ ಕಬ್ಬಿಣದ ಹಲಗೆ ಕಟ್ಟಿಕೊಂಡು ಸಬ್‌ಡಿವಿಷನ್ ಎನ್ನುವ ಬಡಾವಣೆಗಳ ರಸ್ತೆಯಲ್ಲಿ, ಅಂಗಡಿಗಳ ಪಾರ್ಕಿಂಗ್ ಲಾಟ್‌ಗಳಲ್ಲಿ ಹಿಮ ಸರಿಸಿದೆ, ಹಿಂದಿನಿಂದ ಹಿಮ ಕರಗಿಸುವ ಉಪ್ಪು ಚೆಲ್ಲಿದೆ. ಉಷ್ಣತೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ; ಬಿಸಿಲು ಬಂದರೆ ಅರ್ಧ ಕೆಲಸವನ್ನು ಅದೇ ಮುಗಿಸುತ್ತದೆ. ಹಾಗಾಗಿ ತಿಪಟೂರಿನಿಂದ ಹೊಸದಾಗಿ ಬಂದ ನೆಂಟರಿಗೂ, ಮಸೀದಿಯಲ್ಲಿ ಸಿಕ್ಕ ಹುಡುಗರಿಗೂ ಅವರು ಹೇಳುವ ಬುದ್ಧಿಮಾತು ಒಂದೇ: ಹಿಮ ಬಿದ್ದ ಮಾರನೆಯ ದಿನ ಹತ್ತು ಗಂಟೆಗೆ ಮೊದಲು ಗಾಡಿ ತೆಗೆಯಬೇಡಿ, ಬಿಸಿಲಿಗೆ ಕಾಯಿರಿ.

ಅವರ ಹೆಂಡತಿ ಬದ್ರುನ್ನೀಸಾ ಅಷ್ಟೂ ಚಳಿಗಾಲಗಳನ್ನು ಕಿಟಕಿಯ ಬಳಿ ಕಳೆದವರು. ಹಿಮ ಬಿದ್ದ ದಿನ ಗಂಡ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಗಂಡನ ಪಕ್ಕ ನಿಂತು ಒಮ್ಮೆ ಹಿಮದ ಬೆಟ್ಟ ನೋಡಬೇಕೆಂಬುದು ಅವರ ಆಸೆ. ಬಷೀರ್ ಅದನ್ನು ಪ್ರತಿಸಲ ಮುಂದಿನ ವರ್ಷಕ್ಕೆ ದಾಟಿಸುತ್ತಿದ್ದರು. ಆಕೆ ಜಗಳ ಮಾಡಿದವರಲ್ಲ. ಕೇಳುವುದನ್ನೇ ನಿಲ್ಲಿಸಿದ್ದರು, ಅದು ಬಷೀರ್ ಅವರನ್ನು ಹೆಚ್ಚು ಚುಚ್ಚುತ್ತಿತ್ತು.

ಅಣ್ಣನ ಮಗ ಸೊಹೈಲ್ ಜಾರ್ಜಿಯಾ ದೇಶದಲ್ಲಿ ಮೆಡಿಕಲ್ ಓದುತ್ತಿದ್ದ. ಹಿಮದ ಕೆಲಸ ಮುಗಿದು ಮನೆಗಳ ಮುಂದಿನ ಹುಲ್ಲು ಕತ್ತರಿಸುವ ಕೆಲಸ ಶುರುವಾಗುವ ನಡುವೆ, ಏಪ್ರಿಲ್ ಮೊದಲ ವಾರ, ಗಂಡಹೆಂಡತಿ ಕೊನೆಗೂ ಅಲ್ಲಿಗೆ ಹೊರಟೇಬಿಟ್ಟರು. ಕೆಲಸದಲ್ಲಿ ಪಾಲುದಾರನಾಗಿದ್ದ, ಹತ್ತಿರದ ಟ್ರಾಯ್ ಊರಿನ ಮಂಜೇಶ್, "ಜಾರ್ಜಿಯಾಗೆ ಪಾಸ್‌ಪೋರ್ಟ್ ಯಾಕೆ ಅಂಕಲ್? ಅಟ್ಲಾಂಟಾಗೆ ಡ್ರೈವ್ ಮಾಡ್ಕೊಂಡು ಹೋಗಿ," ಎಂದು ಅದೇ ಹೆಸರಿನ ಅಮೆರಿಕದ ರಾಜ್ಯವನ್ನು ಎಳೆದುತಂದು ರೇಗಿಸಿದ.

ರಾಜಧಾನಿ ಟಿಬಿಲಿಸಿಯಲ್ಲಿ ಬಾದಾಮಿ ಮರಗಳು ಹೂಬಿಟ್ಟಿದ್ದವು. ಅಲ್ಲಿಂದ ಎರಡೇ ಗಂಟೆ ಮೇಲೇರಿದರೆ, ಗುಡೌರಿ ಎಂಬ ಊರಿನಲ್ಲಿ, ರಸ್ತೆಯ ಎರಡೂ ಬದಿ ಅವರ ಬಾಡಿಗೆ ವ್ಯಾನಿಗಿಂತ ಎತ್ತರದ ಹಿಮದ ಗೋಡೆಗಳು. ಒಂದೇ ದಿನದಲ್ಲಿ ಎರಡು ಋತು. ಮುಂದಿನ ಕಣಿವೆದಾರಿ ದಾಟಿದರೆ ಕಜ್ಬೆಕ್ ಶಿಖರ ಕಾಣುತ್ತದೆ. ಅವರ ಕೈಯಲ್ಲಿ ಇದ್ದದ್ದು ಶನಿವಾರ ಒಂದೇ. ಭಾನುವಾರ ವಿಮಾನ, ಸೋಮವಾರ ಕೆಲಸ.

"ಚಾಚಾ, ಬೆಳಗ್ಗೆ ಆರಕ್ಕೇ ಹೊರಡ್ಬೇಕಂತೆ, ಡ್ರೈವರ್ ಹೇಳ್ತಿದಾನೆ," ಎಂದ ಸೊಹೈಲ್, ಶುಕ್ರವಾರ ರಾತ್ರಿ ಗುಡೌರಿಯ ಹೋಟೆಲಿನಲ್ಲಿ.

ಬಷೀರ್ ನಕ್ಕರು. "ಇಷ್ಟು ವರ್ಷ ತಳ್ಳಿದೀನಿ, ಹಿಮದ ಬುದ್ಧಿ ನಂಗೊತ್ತಿಲ್ವೇನೋ? ಹತ್ತಕ್ಕೆ ಹೋಗೋಣ."

ಹತ್ತು ಗಂಟೆಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹಿಮ ಕರಗಿ ರಸ್ತೆ ಕಪ್ಪಗೆ ಹೊಳೆಯುತ್ತಿತ್ತು. ನೋಡಿದೆಯಾ ಎನ್ನುವಂತೆ ಬಷೀರ್ ಹೆಂಡತಿಯ ಕಡೆ ತಿರುಗಿದರು. ಒಂದೆರಡು ತಿರುವು ದಾಟಿದ್ದರಷ್ಟೆ, ಪೊಲೀಸರು ಅಡ್ಡಕಂಬ ಇಳಿಸಿದ್ದರು. ಮುಂದೆ ಲಾರಿಗಳ ಸಾಲು ನಿಂತಿತ್ತು.

ಇಷ್ಟು ಬಿಸಿಲಿರುವಾಗ ಏಕೆ ಮುಚ್ಚಿದರೆಂದು ಸೊಹೈಲ್ ವಿಚಾರಿಸಿಕೊಂಡು ಬಂದ. ಬಿಸಿಲಿನಿಂದಲೇ ಮುಚ್ಚಿದ್ದರು. ರಾತ್ರಿಯ ಚಳಿಗೆ ಇಳಿಜಾರಿನ ಹಿಮ ಗಟ್ಟಿಯಾಗಿ ಬೆಟ್ಟಕ್ಕೆ ಅಂಟಿಕೊಂಡಿರುತ್ತದೆ. ಬಿಸಿಲೇರಿದಂತೆ ಕರಗಿದ ನೀರು ಒಳಪದರಕ್ಕೆ ಇಳಿದು ಹಿಡಿತ ಸಡಿಲಿಸುತ್ತದೆ. ಮಿಶಿಗನ್‌ನಲ್ಲಿ ಕರಗಿದ ಹಿಮ ಮೋರಿಗೆ ಹೋಗುತ್ತದೆ. ಇಲ್ಲಿ ಅದು ಕುಸಿದು ರಸ್ತೆಯ ಮೇಲೇ ಬೀಳುತ್ತದೆ. ಬಷೀರ್ ಅವರ ಲೆಕ್ಕಾಚಾರವೆಲ್ಲ ಸಪಾಟು ನೆಲದ್ದು. ಅಲ್ಲಿ ತಲೆಯ ಮೇಲೆ ಹಿಮ ಇರುವುದಿಲ್ಲ.

ಬದ್ರುನ್ನೀಸಾ ಶಾಲು ಸರಿಮಾಡಿಕೊಂಡರು.

ಆಗಲೇ ಎದುರಿನ ಬೆಟ್ಟದ ನೆತ್ತಿಯ ಕೆಳಗೆ ಒಂದು ಗೆರೆ ಮೂಡಿತು. ಮೊದಲು ಸದ್ದೇ ಇರಲಿಲ್ಲ. ಗೆರೆಯ ಕೆಳಗಿನ ಬಿಳುಪು ಇಡಿಯಾಗಿ ನಿಧಾನವಾಗಿ ಕದಲಿತು, ಆಮೇಲೆ ವೇಗ ಹಿಡಿಯಿತು. ಬಂಡೆಯಂಚಿನಿಂದ ಧುಮುಕಿ, ಪುಡಿಯೆದ್ದು, ಕಣಿವೆಯ ಆ ಬದಿಯನ್ನೇ ಮುಚ್ಚಿತು. ಸದ್ದು ತಡವಾಗಿ ಬಂದು, ಕಿವಿಗಿಂತ ಎದೆಗೆ ಬಡಿಯಿತು. ಅದರ ಬೆನ್ನಿಗೇ ತಣ್ಣನೆಯ ಗಾಳಿ. ಲಾರಿಯವರು ಕೆಳಗಿಳಿದು ನಿಂತು ನೋಡಿದರು. ಎಷ್ಟು ಟ್ರಕ್‌ ಲೋಡ್ ಇರಬಹುದೆಂದು ಬಷೀರ್ ಅಭ್ಯಾಸಬಲದಿಂದ ಅಂದಾಜು ಮಾಡಹೊರಟು, ಅರ್ಧಕ್ಕೇ ಬಿಟ್ಟರು.

"ರೀ, ಇಷ್ಟು ವರ್ಷ ನೀವು ಒಬ್ರೇ ಗುದ್ದಾಡಿದ್ದು ಇದರ ಜೊತೆನಾ?" ಬದ್ರುನ್ನೀಸಾ ಮೆಲ್ಲಗೆ ಕೇಳಿದರು.

"ಇಲ್ಲ ಕಣೆ. ನಾನು ಗುಡಿಸಿದ್ದು ಇದರ ಕಸ, ಅಷ್ಟೇ."

ಸ್ವಲ್ಪ ಹೊತ್ತಿನ ಮೇಲೆ ಆಕೆಯೇ, "ಸಾಕು, ನೋಡಿದ ಹಾಗಾಯ್ತು. ನಿಮಗೆ ಸೋಮವಾರ ಕೆಲಸ ಇದೆ, ಹೋಗೋಣ," ಎಂದರು. ಆ ಧ್ವನಿ ಬಷೀರ್ ಅವರಿಗೆ ಗೊತ್ತಿತ್ತು. ಅದು ಕೇಳುವುದನ್ನು ನಿಲ್ಲಿಸಿದವರ ಧ್ವನಿ.

ಸಂಜೆ, ಟ್ರಾಯ್‌ನಲ್ಲಿ ಬೆಳಗಾಗಿರುವ ಹೊತ್ತಿಗೆ, ಅವರು ಮಂಜೇಶ್‌ಗೆ ಫೋನ್ ಮಾಡಿದರು. "ಸೋಮವಾರ ನೀನೇ ಶುರು ಮಾಡಪ್ಪ. ಟಿಕೆಟ್ ಚೇಂಜ್ ಮಾಡಿಸ್ತಿದೀನಿ, ನಾನು ಬರೋದು ಬುಧವಾರ."

ಮಂಜೇಶ್ ಗಾಬರಿಯಾದ. "ಅಂಕಲ್, ಹುಷಾರಾಗಿದೀರಾ?"

ಭಾನುವಾರ ಸೂರ್ಯ ಹುಟ್ಟುವ ಮುನ್ನವೇ ಅಡ್ಡಕಂಬ ಎತ್ತಿದ್ದರು. ಚಕ್ರದಡಿ ಹೆಪ್ಪುಗಟ್ಟಿದ ಹಿಮ ಕರಕರ ಎನ್ನುತ್ತಿತ್ತು. ಕಣಿವೆದಾರಿ ದಾಟಿ ಇಳಿದ ಬಳಿಕ ಒಂದು ತಿರುವಿನಲ್ಲಿ ಡ್ರೈವರ್ ತಾನಾಗಿಯೇ ವ್ಯಾನ್ ನಿಲ್ಲಿಸಿದ. ಕೆಳಗೆ ಊರು ಇನ್ನೂ ಕತ್ತಲಲ್ಲಿತ್ತು. ಬಹಳ ಮೇಲೆ, ಆಕಾಶವೆಂದು ಅವರು ತಿಳಿದಿದ್ದ ಜಾಗದಲ್ಲಿ, ಕಜ್ಬೆಕ್‌ನ ತುದಿ ತೆಳುಗುಲಾಬಿಯಾಗಿ ಹೊತ್ತಿಕೊಂಡಿತ್ತು.

ವ್ಯಾನಿನಿಂದ ಕೆಳಗಿಳಿಯುವಾಗ ಬದ್ರುನ್ನೀಸಾ ಅವರ ಕಾಲು ಜಾರಿತು. ಬಷೀರ್ ತೋಳು ಕೊಟ್ಟರು. ಬೆಳಕು ಬೆಟ್ಟದ ಮೈಮೇಲೆ ಇಳಿಯುತ್ತಾ ಬಂದಂತೆ ಆಕೆಯ ಹಿಡಿತ ಬಿಗಿಯಾಯಿತು.