ಕುಂಕುಮ ಹತ್ತಿದ ಒಂದನೆಯ ಫ್ಲಾಪಿ

ನಾನು ಮನುಷ್ಯರಿಗಿಂತ ಹಳೆಯ ಕಂಪ್ಯೂಟರ್ ಫ್ಲಾಪಿಗಳ ಜೊತೆ ಹೆಚ್ಚು ಮೆತ್ತಗೆ ನಡೆದುಕೊಳ್ಳುತ್ತೇನೆ ಎಂಬುದು ಮನೆಯವರ ದೂರು. ಸುಳ್ಳಲ್ಲ. ಇಬ್ರಾಹಿಂಪುರದ ನಮ್ಮ ಮನೆಯ ಹಿಂದೆ ರೈಲು ಹೋಗುವಾಗ, ಫ್ಲಾಪಿ ಓದಿಸುವುದನ್ನು ನಿಲ್ಲಿಸಿ ಕಾಯುತ್ತೇನೆ. ಮೇಜು ನಡುಗಿದರೆ ಅದಕ್ಕೆ ಕೇಡೆಂದು ಯಾವ ಪುಸ್ತಕದಲ್ಲೂ ಓದಿಲ್ಲ. ಮಲಗಿದ ಮಗುವಿನ ಪಕ್ಕ ಯಾರೂ ಪಾತ್ರೆ ಬೀಳಿಸುವುದಿಲ್ಲವಲ್ಲ, ಹಾಗೆ.

ಈ ಸಲ ಮಲಗಿದ್ದದ್ದು ಒಂದು ಹಳೆಯ ಯುನಿಕ್ಸ್, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ತಿಕೋಟಾದ ನನ್ನ ಕಾಕಾ ಒಂದು ಕಾಲಕ್ಕೆ ವಿಜಯಪುರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅಲ್ಲಿಯ ಯಂತ್ರ ಗುಜರಿಗೆ ಹೋದಾಗ, ಅದಕ್ಕೆ ಯುನಿಕ್ಸ್ ತುಂಬುವ ಹನ್ನೊಂದು ಫ್ಲಾಪಿಗಳನ್ನು ಮಾತ್ರ ಒಣದ್ರಾಕ್ಷಿಯ ಖಾಲಿ ಡಬ್ಬಿಯಲ್ಲಿ ಮನೆಗೆ ತಂದರು. ಯುನಿಕ್ಸ್ ಎದ್ದೊಡನೆ ಪರದೆಯ ಮೇಲೆ ಮೂಡುವ ‘ಲಾಗಿನ್’ ಎಂಬುದನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. “ಅದೊಂದ ಶಬ್ದ ಬರ್ಲಿ ಯವ್ವಾ, ಸಾಕು” ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು.

ಒಂದನೆಯದನ್ನು ಹಾಕಿದೆ. ಡ್ರೈವು ಕರ್ರೆಂದಿತು. ಡ್ರೈವು ಬಿಚ್ಚಿ ನೋಡಿದರೆ ಅದರ ಓದುವ ಮುಳ್ಳಿನ ತುದಿಗೆ ಕೆಂಪು ಪುಡಿ. ಯಂತ್ರವನ್ನು ಎಬ್ಬಿಸುವುದೇ ಒಂದನೆಯ ಫ್ಲಾಪಿ. ಅದು ಹೋದರೆ ಉಳಿದ ಹತ್ತು ಬರೀ ಪ್ಲಾಸ್ಟಿಕ್ಕು.

ಕಾಕಿಗೆ ಫೋನ್ ಮಾಡಿದೆ.

“ಕುಂಕುಮ ಬೇ ಅದು. ದಸರಾದ ಖಂಡೇಪೂಜಿಗೆ ಟ್ರ್ಯಾಕ್ಟರಿಗೆ ಹಚ್ಚತೀನಿ, ದ್ರಾಕ್ಷಿ ಕತ್ರಿಗೆ ಹಚ್ಚತೀನಿ. ನಿಮ್ಮ ಕಾಕಾನ ವಿದ್ಯಾಕ್ಕ ಹಚ್ಚಬಾರದೇನು?”

“ಮ್ಯಾಲ ಹಚ್ಚಿದ್ರ ಸಾಕಿತ್ತಲ್ರಿ ಕಾಕಿ?”

“ತಗಡಿನ ಸಣ್ಣ ಬಾಗಲಾ ಐತೆಲ್ಲ, ಅದನ್ನ ಸರಿಸಿ ಒಳಗ ಹಚ್ಚೀನಿ. ಗುಡಿ ಬಾಗಲಿಗಷ್ಟ ಹಚ್ಚಿ ಹೊಳ್ಳಿ ಬರತಾರೇನು ಯಾರರೆ?” ಆಮೇಲೆ ದನಿ ಇಳಿಯಿತು. “ಕೆಟ್ಟಿತೇನ ಬೇ? ಅವರಿಗೆ ಹೇಳಬ್ಯಾಡ.”

ಮಾತಾಡದಿರುವುದು ನನಗೆ ಬರುವ ವಿದ್ಯೆ. ಒಪ್ಪಿಕೊಂಡೆ.

ಕವಚ ಬಿಡಿಸಿ, ಒಳಗಿನ ತೆಳು ಬಿಲ್ಲೆಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ನಡುವಿನಿಂದ ಅಂಚಿಗೆ ಒರೆಸುತ್ತ ಕೂತೆ. ಕಿಟಕಿಯ ಬಿಸಿಲು ಗೋಡೆ ಹತ್ತಿ ಇಳಿಯಿತು. ಫ್ಲಾಪಿಯ ಮೇಲಿರುವುದೂ ಒಂದು ಪುಡಿಯೇ, ಕಬ್ಬಿಣದ್ದು, ಕಂದು ಬಣ್ಣದ್ದು. ಯಾರೋ ಕಾಣದ ಊರಿನಲ್ಲಿ ಕೂತು ಬರೆದದ್ದನ್ನೆಲ್ಲ ಆ ಪುಡಿ ಹಿಡಿದಿಟ್ಟುಕೊಂಡಿದೆ. ಅದರ ಮೇಲೆ ಕಾಕಿಯ ಪುಡಿ. ಹತ್ತಿಗೆ ಕೆಂಪು ಬರುವಾಗಲೆಲ್ಲ ನಾನು ಒರೆಸುತ್ತಿರುವುದು ಕೊಳೆಯನ್ನೋ ಅಥವಾ ಇನ್ನೊಂದು ಬರಹವನ್ನೋ ಎಂದು ಅನುಮಾನವಾಗುತ್ತಿತ್ತು.

ಬೇರೆ ಕವಚ ತೊಡಿಸಿ, ಡ್ರೈವಿನ ಮುಳ್ಳನ್ನೂ ಒರೆಸಿ, ಪ್ರತಿ ತೆಗೆಯಲು ಓದಿಸಿದೆ. ಒಂದು ಜಾಗ ಮಾತ್ರ ಹಟ ಹಿಡಿಯಿತು. ಅಲ್ಲಿಗೇ ಮತ್ತೆ ಮತ್ತೆ ಹೋದೆ, ಪುಟ ಮರೆತವಳ ಹಾಗೆ. ಎರಡು ರೈಲು ಹೋದವು. ಮೂರನೆಯದಕ್ಕೆ ನಿಲ್ಲಿಸಲು ಮರೆತೆ; ಆಗಲೇ ಓದಿಬಿಟ್ಟಿತು! ಉಳಿದ ಹತ್ತು ತಕರಾರಿಲ್ಲದೆ ಹಿಂದೆ ಬಂದವು.

ಆ ಹಳೆಯ ಯಂತ್ರದಂತೆ ನಟಿಸುವ ಪ್ರೋಗ್ರಾಮನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಡಬ್ಬಿಯನ್ನೂ ಹಿಡಿದು ತಿಕೋಟಾ ಬಸ್ ಹತ್ತಿದೆ. ಕಾಕಾನ ಮುಂದೆ ಹನ್ನೊಂದರ ಪ್ರತಿಗಳನ್ನೂ ಅದಕ್ಕೆ ಸಾಲಾಗಿ ಉಣಿಸಿದೆ. ‘ಲಾಗಿನ್’ ಬಂತು. ಕಾಕಾ ಏನನ್ನೂ ಒತ್ತದೆ ಪರದೆಗೆ ಬಾಗಿದರು. ಬಾಗಿಲಲ್ಲಿ ಕಾಕಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

“ಕುಂಕುಮ ಒರೆಸಾಕ ಭಾಳ ತ್ರಾಸ ಆತೇನ ಯವ್ವಾ?” ಎಂದರು ಕಾಕಾ, ತಿರುಗದೆ.

“ಅಯ್ಯ, ನಿಮಗ ಗೊತ್ತಿತ್ತೇನ್ರಿ?” ಕಾಕಿ ಒಳಗೆ ಬಂದಳು.

“ಪ್ರತಿ ವರ್ಷ ನೋಡೇನಿ. ಮಷೀನ ಹೋದ ಮ್ಯಾಲ ಅದರ ಹೆಸರಿಲೆ ದೀಪಾ ಹಚ್ಚಾಕಿ ನೀ ಒಬ್ಬಾಕಿನ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ.”

ಹನ್ನೊಂದರ ಪ್ರತಿಯೂ ಈಗ ನನ್ನ ಬಳಿ ಮೂರು ಕಡೆ ಭದ್ರವಾಗಿದೆ. ಫ್ಲಾಪಿಗಳನ್ನು ಡಬ್ಬಿಗೆ ಮರಳಿಸುವಾಗ ಒಂದನೆಯದನ್ನೇ ಎಲ್ಲಕ್ಕೂ ಮೇಲಿಟ್ಟೆ, ಸಣ್ಣ ಬಾಗಿಲು ಕಾಕಿಯ ಬೆರಳಿಗೆ ಸಿಗುವ ಹಾಗೆ. ಖಂಡೇಪೂಜೆ ಹತ್ತಿರ ಬಂದಿತ್ತು.